ಒಂದೇ ಹೆಸರಿನ ಎರಡು ವರ್ಗ, ಹೀರೆಕಾಯಿ ಮಾತ್ರ ಎಲ್ಲೂ ಇಲ್ಲ! ಮೀಡಿಯಾವಿಕಿ ಬಲ್ಲವರು ಸ್ವಲ್ಪ ನೋಡಿ

ಒಗ್ಗರಣೆ_ಡಬ್ಬಿ

ಎಲ್ಲರಿಗೂ ನಮಸ್ಕಾರ. ನಾವು ಎಂಟು ಹತ್ತು ಮಂದಿ ಸೇರಿ ಒಂದು ಅಡುಗೆ ವಿಕಿ ನಡೆಸುತ್ತಿದ್ದೇವೆ. ವಿಕಿಪೀಡಿಯ ಬಳಸುವ ತಂತ್ರಾಂಶವೇ, ಮೀಡಿಯಾವಿಕಿ 1.39; ಹಲವು ಸೈಟುಗಳು ಒಂದೇ ಸರ್ವರ್ ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಸುಮಾರು 900 ಅಡುಗೆ ಆಗಿವೆ. ಬರೆಯುವವರಿಗೆ ಬರವಿಲ್ಲ. ಓದಲು ಬಂದವರು ಮಾತ್ರ ಮುಖಪುಟ ನೋಡಿ ಹಾಗೇ ವಾಪಸ್ ಹೋಗುತ್ತಾರೆ.

ಹೋದ ವಾರ ನಮ್ಮಮ್ಮನ ಕೈಗೆ ಫೋನ್ ಕೊಟ್ಟೆ. "ಮನೇಲಿ ಹೀರೆಕಾಯಿ ಇದೆಯಲ್ಲ, ಏನು ಮಾಡಬಹುದು ನೋಡಮ್ಮ" ಅಂದೆ. ಅವರು ಒತ್ತುತ್ತಾ ಹೋದರು. ಕರ್ನಾಟಕದ ಅಡುಗೆ, ಅದರೊಳಗೆ ಹಳೆ ಮೈಸೂರು, ಅದರೊಳಗೆ ಮಂಡ್ಯ, ಅದರೊಳಗೆ ಮಂಡ್ಯದ ಸಾರುಗಳು. ಕೊನೆಗೆ ಸಿಕ್ಕಿದ್ದು ಮೂರು ಪುಟ, ಹೀರೆಕಾಯಿಯ ಸುಳಿವಿಲ್ಲ. "ಇದೇನು ಅಡುಗೆ ಪುಸ್ತಕವೋ ಭೂಗೋಳವೋ" ಅಂತ ಫೋನ್ ವಾಪಸ್ ಕೊಟ್ಟರು. ನಮ್ಮಲ್ಲಿ ಹೀರೆಕಾಯಿಯ ಅಡುಗೆ 14 ಇವೆ, ಕೂತು ಎಣಿಸಿದ್ದೇನೆ.

ಇನ್ನೊಂದು ವಿಚಿತ್ರ. 'ಬಾತ್ ಮತ್ತು ಪಲಾವ್' ಅನ್ನುವ ವರ್ಗ (ಒಂದು ಥರದ ಪುಟಗಳನ್ನು ಒಟ್ಟಿಗೆ ಪಟ್ಟಿ ಮಾಡುವ ಪುಟ) ಎರಡು ಇವೆ. ಅಕ್ಷರ ಅಕ್ಷರವೂ ಒಂದೇ. ಒಂದರಲ್ಲಿ 41 ಪುಟ, ಇನ್ನೊಂದರಲ್ಲಿ 17. ಬಿಸಿಬೇಳೆಬಾತ್ ಅಲ್ಲಿ, ವಾಂಗೀಬಾತ್ ಇಲ್ಲಿ. ಒಂದೇ ಹೆಸರಲ್ಲಿ ಎರಡು ಪುಟ ಮಾಡಲು ವಿಕಿ ಬಿಡುವುದೇ ಇಲ್ಲ, ಅಲ್ವಾ? ಹೇಗಾಯಿತು ಇದು?

ಕೇಬಲ್_ಗಂಟು

ಕ್ಯಾಶ್, ಅಂದರೆ ಉಳಿಸಿಟ್ಟ ಹಳೆ ಪ್ರತಿ, ಇರಬೇಕು. ಪುಟವನ್ನು ಪರ್ಜ್ ಮಾಡಿ, ಅಂದರೆ ಆ ಪ್ರತಿ ಅಳಿಸಿ, ನೋಡಿ.

ಒಗ್ಗರಣೆ_ಡಬ್ಬಿ

ಮಾಡಿದೆ ಸರ್. ಬೇರೆ ಬ್ರೌಸರಿನಲ್ಲೂ ನೋಡಿದೆ. ಎರಡೂ ಹಾಗೇ ಇವೆ.

ಸರ್ವರ್_ಭಟ್ರು

ಕ್ಯಾಶ್ ಅಲ್ಲ. ಎರಡೂ ವರ್ಗದ ವಿಳಾಸ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಶೇಕಡಾ ಗುರುತುಗಳ ಉದ್ದ ಸಾಲು ಬರುತ್ತದೆ. ಒಂದರಲ್ಲಿ ಮಾತ್ರ ಇ2, 80, 8ಸಿ ಅನ್ನುವ ತುಣುಕು ಇದೆಯಾ ನೋಡಿ.

ಒಗ್ಗರಣೆ_ಡಬ್ಬಿ

ಇದೆ! ಬಾತ್ ಆದ ಮೇಲೆ, ಖಾಲಿ ಜಾಗಕ್ಕೆ ಮುಂಚೆ. ಏನಿದು ಭಟ್ರೇ?

ಸರ್ವರ್_ಭಟ್ರು

ಅದು ಕಣ್ಣಿಗೆ ಕಾಣದ ಅಕ್ಷರ. ಹೆಸರು ಝಡ್‌ಡಬ್ಲ್ಯೂಎನ್‌ಜೆ. ಒತ್ತಕ್ಷರ ಆಗದಂತೆ ತಡೆಯುವುದು ಅದರ ಕೆಲಸ. ಪಾಪ್‌ಕಾರ್ನ್ ಅಂತ ಬರೆಯುವಾಗ ಅದು ಬೇಕೇ ಬೇಕು, ಇಲ್ಲದಿದ್ದರೆ 'ಪಾಪ್ಕಾರ್ನ್' ಆಗಿಬಿಡುತ್ತದೆ. ಆದರೆ ಪದದ ಕೊನೆಯಲ್ಲಿ ತಡೆಯಲು ಒತ್ತೇ ಇರುವುದಿಲ್ಲ. ಅಲ್ಲಿ ಅದು ಸುಮ್ನೆ ಕೂತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಯಾರೋ ಒಬ್ಬರ ಕೀಬೋರ್ಡ್ ಹಾಕಿದೆ, ಇನ್ನೊಬ್ಬರದು ಹಾಕಿಲ್ಲ. ನಮಗೆ ಎರಡೂ 'ಬಾತ್', ಯಂತ್ರಕ್ಕೆ ಎರಡು ಬೇರೆ ಹೆಸರು. ಒ ಸ್ವರದ ಗುರುತನ್ನು ಒಂದೇ ಅಕ್ಷರವಾಗಿ ಹಾಕಿ ಅಥವಾ ಎರಡು ತುಂಡಾಗಿ ಹಾಕಿ, ಮೀಡಿಯಾವಿಕಿ ತಾನೇ ಒಂದು ಮಾಡಿಕೊಳ್ಳುತ್ತದೆ. ಇದನ್ನು ಮಾತ್ರ ಮುಟ್ಟುವುದಿಲ್ಲ, ಕೆಲವು ಭಾಷೆಗಳ ಬರವಣಿಗೆಗೆ ಇದು ಬೇಕಲ್ಲ.

ತಪ್ಪು ವರ್ಗದಿಂದ ಸರಿಯಾದ್ದಕ್ಕೆ ರಿಡೈರೆಕ್ಟ್ ಹಾಕಲು ಹೋಗಬೇಡಿ. ವರ್ಗಗಳ ವಿಷಯದಲ್ಲಿ ಅದು ಮೋಸ. ಒತ್ತಿದವರು ಸರಿಯಾದ ಕಡೆ ಹೋಗುತ್ತಾರೆ, ಆದರೆ ಆ 17 ಪುಟ ಹಳೆಯ ವರ್ಗದಲ್ಲೇ ಕೊಳೆಯುತ್ತಿರುತ್ತವೆ. ಹಲವು ಪುಟಗಳ ಪದಗಳನ್ನು ಒಟ್ಟಿಗೆ ಬದಲಿಸುವ ರಿಪ್ಲೇಸ್ ಟೆಕ್ಸ್ಟ್ ಎಕ್ಸ್‌ಟೆನ್ಷನ್ (ಸೇರ್ಪಡೆ ತಂತ್ರಾಂಶ) ನಿಮ್ಮ ಮೀಡಿಯಾವಿಕಿ ಜೊತೆಗೇ ಬಂದಿರುತ್ತದೆ. ಅದನ್ನು ಚಾಲೂ ಮಾಡಿ 17 ಪುಟಗಳಲ್ಲೂ ವರ್ಗದ ಸಾಲನ್ನೇ ಬದಲಿಸಿ. ಪದದ ಕೊನೆಯ ಗುರುತನ್ನಷ್ಟೇ ತೆಗೆಯಿರಿ. ಇಡೀ ವಿಕಿಯಿಂದ ಕಿತ್ತರೆ ಪಾಪ್‌ಕಾರ್ನ್ ಪುಟದವರು ಜಗಳಕ್ಕೆ ಬರುತ್ತಾರೆ.

ಅಮ್ಮನ ಪ್ರಶ್ನೆ ಇದಕ್ಕಿಂತ ದೊಡ್ಡದು. ನಿಮ್ಮ ವರ್ಗಗಳು ಬರೆಯುವವರಿಗಾಗಿ ಕಟ್ಟಿದವು. ಯಾರ ಅಡುಗೆ ಎಲ್ಲಿಯದು ಅಂತ ಜೋಡಿಸಿಟ್ಟ ಬೀರು ಅದು. ಅಡುಗೆಮನೆಯಲ್ಲಿ ನಿಂತವರ ಕೈಯಲ್ಲಿ ತರಕಾರಿ ಇರುತ್ತದೆ, ಜಿಲ್ಲೆ ಇರುವುದಿಲ್ಲ. 'ಮಂಡ್ಯದ ಸಾರುಗಳು' ಥರದ ಬೆಸುಗೆ ವರ್ಗಗಳನ್ನು ಒಡೆಯಿರಿ. ತರಕಾರಿ ಒಂದು ಸಾಲು, ಬಗೆ ಒಂದು ಸಾಲು, ಸೀಮೆ ಒಂದು ಸಾಲು. ಪ್ರತಿ ಅಡುಗೆಗೂ ಮೂರರಲ್ಲೂ ಜಾಗ. ಹೀರೆಕಾಯಿ ಮತ್ತು ಚಟ್ನಿ ಎರಡೂ ಸೇರಿದ್ದು ಬೇಕೆಂದರೆ ಡೈನಾಮಿಕ್‌ಪೇಜ್‌ಲಿಸ್ಟ್ ಎಕ್ಸ್‌ಟೆನ್ಷನ್ ಹಾಕಿ, ಪಟ್ಟಿ ಅದೇ ತಯಾರಾಗುತ್ತದೆ. ವಿಕಿಪೀಡಿಯದಲ್ಲಿ ಹುಡುಕಾಟದ ಪೆಟ್ಟಿಗೆಯಲ್ಲೇ 'ಇನ್‌ಕ್ಯಾಟಗರಿ' ಅಂತ ಹಾಕಿ ಇದೇ ಕೆಲಸ ಮಾಡಬಹುದು. ಅದಕ್ಕೆ ಎಲಾಸ್ಟಿಕ್‌ಸರ್ಚ್ ಅನ್ನುವ ಬೇರೆಯೇ ಹುಡುಕಾಟದ ತಂತ್ರಾಂಶ ಬೇಕು, ಅದರ ಭಾರ ನಿಮ್ಮ ಹೋಸ್ಟಿಂಗ್ ತಾಳುವುದಿಲ್ಲ.

ಬರೆಯುವವರ ಕೈಲಿ ವರ್ಗ ಟೈಪ್ ಮಾಡಿಸಬೇಡಿ. ಒಂದು ಟೆಂಪ್ಲೇಟ್ (ಎಲ್ಲ ಪುಟಗಳೂ ಬಳಸುವ ಸಿದ್ಧ ಅಚ್ಚು) ಮಾಡಿ, ತರಕಾರಿ, ಬಗೆ, ಸೀಮೆ ಅಂತ ಮೂರು ಖಾನೆ ಇಡಿ. ತಂಬುಳಿ ಬರೆಯಲಿ, ತಂಬ್ಳಿ ಬರೆಯಲಿ, ಟೆಂಪ್ಲೇಟ್ ಒಳಗಿನ ಸ್ವಿಚ್ ಒಂದೇ ವರ್ಗಕ್ಕೆ ಕಳಿಸುತ್ತದೆ.

ಘಟ್ಟದ_ಕೆಳಗಿನವಳು

ಭಟ್ರೇ, ಒಂದು ಎಚ್ಚರಿಕೆ. ಎರಡು ಹೆಸರು ಒಂದು ಮಾಡುವುದು ಸುಲಭ. ಒಂದು ಹೆಸರಲ್ಲಿ ಎರಡು ವಸ್ತು ಇದ್ದರೆ? ನಮ್ಮ ಕರಾವಳಿಯಲ್ಲಿ ಪುಂಡಿ ಅಂದರೆ ಅಕ್ಕಿಯ ಉಂಡೆ, ಹಬೆಯಲ್ಲಿ ಬೇಯಿಸುವುದು. ಉತ್ತರ ಕರ್ನಾಟಕದವರಿಗೆ ಪುಂಡಿ ಅಂದರೆ ಹುಳಿ ಸೊಪ್ಪು. ಸೌತೆಕಾಯಿ ಕಥೆಯೂ ಅದೇ. ನಾವು ಸೌತೆ ಅಂದರೆ ಸಾಂಬಾರಿಗೆ ಹಾಕುವುದು, ಹಸಿ ತಿನ್ನುವುದು ಮುಳ್ಳುಸೌತೆ. ಬೆಂಗಳೂರಿನವರು ನಮ್ಮದನ್ನು ಮಂಗಳೂರು ಸೌತೆ ಅನ್ನುತ್ತಾರೆ.

ಒಗ್ಗರಣೆ_ಡಬ್ಬಿ

ಅಯ್ಯೋ ಹೌದು ಅಕ್ಕ, ನಮ್ಮ 'ಪುಂಡಿ' ವರ್ಗದಲ್ಲಿ ಎರಡೂ ಇವೆ! ಈಗ 'ಪುಂಡಿ ಸೊಪ್ಪು', 'ಪುಂಡಿ ಕಡುಬು' ಅಂತ ಬೇರೆ ಮಾಡಿದೆ. ಬರೀ 'ಪುಂಡಿ' ಅಂತ ಬಂದವರಿಗೆ ಎರಡರ ಕೊಂಡಿಯನ್ನೂ ತೋರಿಸುವ ಒಂದು ಪುಟ ಇಟ್ಟಿದ್ದೇನೆ.

ಟೆಂಪ್ಲೇಟೂ ಹಾಕಿದೆ. ಆದರೆ ಹೀರೆಕಾಯಿ ವರ್ಗದಲ್ಲಿ ಎರಡೇ ಪುಟ ಕಾಣುತ್ತಿವೆ. ಉಳಿದ 12 ಎಲ್ಲಿ ಹೋದವು?

ಸರ್ವರ್_ಭಟ್ರು

ಸರದಿಯಲ್ಲಿವೆ. ಟೆಂಪ್ಲೇಟ್ ತಿದ್ದಿದರೆ ಅದನ್ನು ಬಳಸುವ ಪುಟಗಳ ಕೆಲಸವೆಲ್ಲ ಜಾಬ್ ಕ್ಯೂಗೆ ಹೋಗುತ್ತದೆ. ಸೆಟ್ಟಿಂಗ್ ಏನೂ ಬದಲಿಸದಿದ್ದರೆ, ಯಾರಾದರೂ ಸೈಟಿಗೆ ಬಂದಾಗೆಲ್ಲ ಒಂದೊಂದೇ ಜಾಬ್ ಮುಗಿಯುತ್ತದೆ. ನಿಮಗೆ ಓದುಗರೇ ಕಡಿಮೆ, ಅದಕ್ಕೇ ತಡ! ಹೊತ್ತು ಹೊತ್ತಿಗೆ ಸರ್ವರಿನಲ್ಲಿ ಕೆಲಸವನ್ನು ತಾನೇ ನಡೆಸುವ ಕ್ರಾನ್‌ನಲ್ಲಿ, ಸರದಿ ಮುಗಿಸುವ 'ರನ್‌ಜಾಬ್ಸ್' ಸ್ಕ್ರಿಪ್ಟ್ ಹಾಕಿ. ಅವಸರ ಇದ್ದರೆ ಆ ಪುಟಗಳನ್ನು ತೆರೆದು ಏನೂ ತಿದ್ದದೆ ಸುಮ್ನೆ ಉಳಿಸಿ.

ಕೇಬಲ್_ಗಂಟು

ನನ್ನದೂ ಒಂದು ಇರಲಿ. 'ದಿಢೀರ್ ರವೆ ಇಡ್ಲಿ'ಯನ್ನು ಯಾರೂ ದ ಅಕ್ಷರದಲ್ಲಿ ಹುಡುಕುವುದಿಲ್ಲ. ವರ್ಗದ ಹೆಸರಾದ ಮೇಲೆ ಒಂದು ನಿಂತ ಗೆರೆ (|) ಹಾಕಿ 'ಇಡ್ಲಿ' ಅಂತ ಬರೆದರೆ ಇ ಅಕ್ಷರದಡಿ ಬಂದು ಕೂರುತ್ತದೆ.

ಒಗ್ಗರಣೆ_ಡಬ್ಬಿ

ಕ್ರಾನ್ ಹಾಕಿದೆ, 14ಕ್ಕೆ 14 ಬಂದವು. ಖುಷಿಯಲ್ಲಿ ಅಮ್ಮನ ಫೋನ್ ತೆಗೆದರೆ ಅಡುಗೆ ಪುಟದಲ್ಲಿ ವರ್ಗದ ಪಟ್ಟಿಯೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುತ್ತಿದೆ.

ಸರ್ವರ್_ಭಟ್ರು

ಮೊಬೈಲ್‌ಗೆ ಮಿನರ್ವಾ ಸ್ಕಿನ್ (ಪುಟದ ಹೊರರೂಪ) ಹಾಕಿದ್ದೀರಿ ಅಲ್ವಾ? ಅದು ಲಾಗಿನ್ ಆಗದವರಿಗೆ ವರ್ಗಗಳನ್ನು ತೋರಿಸುವುದಿಲ್ಲ. ಮಿನರ್ವಾದ 'ಶೋ ಕ್ಯಾಟಗರೀಸ್' ಸೆಟ್ಟಿಂಗ್ ಚಾಲೂ ಮಾಡಿ. ಅದು ಚಾಲೂ ಆದರೂ ಪುಟದ ತಳದವರೆಗೆ ಹೋಗುವವರು ಕಡಿಮೆ. ಮುಖಪುಟದಲ್ಲೇ ತರಕಾರಿಗಳ ಹೆಸರು ಹಾಕಿಬಿಡಿ.

ಒಗ್ಗರಣೆ_ಡಬ್ಬಿ

ಎರಡೂ ಮಾಡಿದೆ ಭಟ್ರೇ. ಮುಖಪುಟದಲ್ಲಿ ಈಗ 22 ತರಕಾರಿ. ಅಮ್ಮ ಹೀರೆಕಾಯಿ ಒತ್ತಿ, ಸಿಪ್ಪೆ ಚಟ್ನಿ ತೆಗೆದು, "ಇದಕ್ಕೆ ಹುಣಸೆಹಣ್ಣು ಸಾಲದು" ಅಂದರು. ಪುಟ ತಿದ್ದುವುದು ಹೇಗೆ ಅಂತ ಕೇಳುತ್ತಿದ್ದಾರೆ.