ಸಹಾಯ ಬೇಕು: ನನ್ನ ರ‍್ಯಾಪ್ ರೀಲ್‌ಗೆ ಸದ್ದೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಆಗುಂಬೆ ಮಳೆ, ಅಡಿಕೆ ಕೊಳೆರೋಗ ಇಟ್ಟುಕೊಂಡು ನಮ್ಮ ಮಾತಲ್ಲೇ ಒಂದು ರ‍್ಯಾಪ್ ಬರೆದೆ. ಹೆಂಚಿನ ಮೇಲೆ ಮಳೆ ಸದ್ದು ಜಾಸ್ತಿ ಅಂತ ಕಂಬಳಿ ಹೊದ್ದು ಮೊಬೈಲಲ್ಲೇ ರೆಕಾರ್ಡ್ ಮಾಡಿದೆ. ಬೀಟ್ (ಹಿನ್ನೆಲೆ ಸಂಗೀತ) ಮಾತ್ರ ನೆಟ್‌ನಿಂದ ತೆಗೆದದ್ದು, 'ಫ್ರೀ' ಅಂತ ಬರೆದಿತ್ತು. ಎರಡು ದಿನ ಚೆನ್ನಾಗಿ ಓಡಿತು. ಅಜ್ಜಿ ನೋಡಿ, "ಎಂತದಾ ಮಾರಾಯ, ಯಾರ ಹತ್ರ ಜಗಳ?" ಅಂದರು. ಮೂರನೇ ದಿನ ಆಡಿಯೊ ಮ್ಯೂಟ್! ಯಾರದೋ ಹಾಡಿನ ಹೆಸರು ತೋರಿಸುತ್ತಿದೆ. ಕೇಳಿದರೆ ಅದೇ ಬೀಟ್, ಸಾಹಿತ್ಯ ಬೇರೆ.

ಡಿಲೀಟ್ ಮಾಡಿ ಮತ್ತೆ ಹಾಕಿದೆ, ಅದೇ ಕಥೆ. ಪಿಚ್ ಏರಿಸಿದೆ, ನನ್ನ ದನಿ ಅಳಿಲಿನ ಥರ ಆಯಿತು. ಬೀಟ್ ಮಾಡಿದವರಿಗೆ ಮೆಸೇಜ್ ಹಾಕಿದೆ, ಉತ್ತರವಿಲ್ಲ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಬೇರೆಯವರ ರೆಕಾರ್ಡ್ ತಿರುಗಿಸಿಯೇ ಅಲ್ವಾ ಹಿಪ್‌ಹಾಪ್ ಶುರು ಮಾಡಿದ್ದು! ಇರಲಿ.

ಒಂದೇ ಬೀಟನ್ನು ಹಲವರಿಗೆ ಕೊಡುತ್ತಾರೆ, ಅದರಲ್ಲಿ ಒಬ್ಬರು ತಮ್ಮ ಹಾಡು ನೋಂದಾಯಿಸಿದರೆ ಉಳಿದವರಿಗೂ ಕಾಪಿರೈಟ್ ಕ್ಲೇಮ್ ('ಇದು ನನ್ನದು' ಅನ್ನೋ ದೂರು) ಬೀಳುತ್ತದೆ ಅಂತ ಸ್ನೇಹಿತ ಹೇಳಿದ. ಈಗ 'ಡಿಸ್ಪ್ಯೂಟ್' (ಆ ಕ್ಲೇಮ್ ತಪ್ಪು ಅಂತ ಆಕ್ಷೇಪಿಸುವ ಬಟನ್) ಒತ್ತಲು ಧೈರ್ಯ ಇಲ್ಲ. ಸುಮ್ನೆ ಒತ್ತಿ ಅಕೌಂಟೇ ಹೋದರೆ?

ಹೀಗಾದವರು ಯಾರಾದರೂ ಇದ್ದರೆ ಹೇಳಿ: 'ಫ್ರೀ' ಅಂತ ಇರುವ ಸ್ಕ್ರೀನ್‌ಶಾಟ್ ಕೊಟ್ಟರೆ ಸಾಕಾ, ಇಲ್ಲಾ ಲೈಸೆನ್ಸ್ ಪತ್ರವೇ ಬೇಕಾ?