ಡೇವಿಡ್ ಆಲಿಸ್ ಅವರು ಟೆಟ್ರಾಹೈಮೆನಾವನ್ನೇ ಆರಿಸಿಕೊಂಡದ್ದೇಕೆ?

ಪ್ರಶ್ನೆ:
ಕ್ರೊಮ್ಯಾಟಿನ್ (ಕೋಶಕೇಂದ್ರದಲ್ಲಿ ಡಿಎನ್‌ಎ ಮತ್ತು ಪ್ರೋಟೀನ್‌ಗಳು ಕೂಡಿರುವ ರಚನೆ) ಕುರಿತು ಓದುವಾಗಲೆಲ್ಲ ಜೀವವಿಜ್ಞಾನಿ ಸಿ. ಡೇವಿಡ್ ಆಲಿಸ್ ಅವರ ಹೆಸರು ಎದುರಾಗುತ್ತದೆ. ಅವರು ಟೆಟ್ರಾಹೈಮೆನಾ ಎಂಬ ಏಕಕೋಶ ಜೀವಿಯ ಮೇಲೆ ವರ್ಷಗಟ್ಟಲೆ ದುಡಿದದ್ದೇಕೆ, ಅದರಿಂದ ಮನುಷ್ಯನ ಜೀನ್‌ಗಳ ಬಗ್ಗೆ ತಿಳಿಯುವುದಾದರೂ ಹೇಗೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಈ ಜೀವಿಯ ಒಂದೇ ಕೋಶದಲ್ಲಿ ಎರಡು ಬಗೆಯ ಕೋಶಕೇಂದ್ರಗಳಿವೆ. ದೊಡ್ಡದರಲ್ಲಿ ಜೀನ್‌ಗಳು ಸಕ್ರಿಯವಾಗಿರುತ್ತವೆ. ಚಿಕ್ಕದು ಬೆಳವಣಿಗೆಯ ಹಂತದಲ್ಲಿ ಬಹುಮಟ್ಟಿಗೆ ಮೌನವಾಗಿರುತ್ತದೆ. ಎರಡನ್ನೂ ಬೇರ್ಪಡಿಸಿ ಹೋಲಿಸಿದರೆ ಸಕ್ರಿಯ ಕ್ರೊಮ್ಯಾಟಿನ್‌ನ ಹಿಸ್ಟೋನ್‌ಗಳಲ್ಲಿ (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್‌ಗಳಲ್ಲಿ) ಏನು ವಿಶೇಷವಿದೆಯೆಂದು ನೇರವಾಗಿ ಪರೀಕ್ಷಿಸಬಹುದು. ಹಿಸ್ಟೋನ್‌ಗಳ ಅಸಿಟೈಲೀಕರಣಕ್ಕೂ (ಅಂದರೆ ಅವುಗಳಿಗೆ ಅಸಿಟೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪು ಸೇರುವುದಕ್ಕೂ) ಆರ್‌ಎನ್‌ಎ ತಯಾರಿಕೆಗೂ ನಂಟಿರಬಹುದೆಂದು ವಿನ್ಸೆಂಟ್ ಆಲ್‌ಫ್ರೇ 1964ರಲ್ಲೇ ಸೂಚಿಸಿದ್ದರೂ, ಅಸಿಟೈಲ್ ಸೇರಿಸಿ ಆ ನಂಟಿಗೆ ಕಾರಣವಾದ ಕಿಣ್ವ ಬಹುಕಾಲ ಕೈಗೆ ಸಿಕ್ಕಿರಲಿಲ್ಲ. ಆಲಿಸ್ ಅವರ ತಂಡವು ದೊಡ್ಡ ಕೋಶಕೇಂದ್ರದಿಂದ ಅಂಥದೊಂದು ಕಿಣ್ವವನ್ನು ಪ್ರತ್ಯೇಕಿಸಿ, ಅದು ಯೀಸ್ಟ್‌ನ ಜಿಸಿಎನ್5 ಪ್ರೋಟೀನನ್ನು ಹೋಲುತ್ತದೆಂದು 1996ರಲ್ಲಿ ತೋರಿಸಿತು. ಜೀನ್‌ಗಳನ್ನು ಸಕ್ರಿಯಗೊಳಿಸಲು ಜಿಸಿಎನ್5 ನೆರವಾಗುತ್ತದೆಂಬುದು ಅದಾಗಲೇ ತಿಳಿದಿತ್ತು. ಹಾಗಾಗಿ ಹಿಸ್ಟೋನ್ ಎಂದರೆ ಡಿಎನ್‌ಎ ಸುತ್ತಿಕೊಳ್ಳುವ ಬರಿಯ ಉರುಳೆ ಎಂಬ ನಂಬಿಕೆ ಉಳಿಯಲಿಲ್ಲ. ಈ ಕ್ಷೇತ್ರದಲ್ಲಿ ಇಷ್ಟು ನಿರ್ಣಾಯಕವಾದ ಪ್ರಯೋಗ ವಿರಳವೆಂದು ನಾನು ಭಾವಿಸುತ್ತೇನೆ.

ಉತ್ತರ 2:
ಮೈಕಲ್ ಗ್ರನ್‌ಸ್ಟೈನ್ ಅವರನ್ನೂ ನೆನೆಯಬೇಕು. ಅವರು ಯೀಸ್ಟ್ ತಳಿವಿಜ್ಞಾನದ ದಾರಿಯಿಂದ ಹಿಸ್ಟೋನ್‌ಗಳ ನಿಯಂತ್ರಕ ಪಾತ್ರವನ್ನು ತೋರಿಸಿದರು. 2018ರ ಲಾಸ್ಕರ್ ಪ್ರಶಸ್ತಿ ಇಬ್ಬರಿಗೂ ಸಂದಿತು. ಬ್ರಯಾನ್ ಸ್ಟ್ರಾಲ್ ಅವರೊಡನೆ ಆಲಿಸ್ 2000ದಲ್ಲಿ ಮಂಡಿಸಿದ ‘ಹಿಸ್ಟೋನ್ ಸಂಕೇತ’ದ (ಹಿಸ್ಟೋನ್‌ಗಳ ಮೇಲಿನ ರಾಸಾಯನಿಕ ಗುರುತುಗಳು ಸಂಕೇತದಂತೆ ಕೆಲಸ ಮಾಡುತ್ತವೆಂಬ) ಕಲ್ಪನೆಯ ಬಗ್ಗೆ ಮಾತ್ರ ಇಂದಿಗೂ ಚರ್ಚೆಯಿದೆ.

ಉತ್ತರ 3:
ಮನುಷ್ಯನ ವಿಚಾರಕ್ಕೆ ಬಂದರೆ, ಮಕ್ಕಳ ಕೆಲವು ಮಿದುಳುಗಡ್ಡೆಗಳಲ್ಲಿ ಎಚ್3 ಎಂಬ ಹಿಸ್ಟೋನಿನ 27ನೆಯ ಸ್ಥಾನದಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಮಿಥಿಯೋನೀನ್ ಎಂಬ ಇನ್ನೊಂದು ಬಂದಿರುತ್ತದೆ. ಇದು ಜೀನ್‌ಗಳನ್ನು ಅಡಗಿಸುವ ಪಿಆರ್‌ಸಿ2 ಕಿಣ್ವಸಂಕೀರ್ಣವನ್ನು ತಡೆಯುತ್ತದೆಂದು ಆಲಿಸ್ ಅವರ ಪ್ರಯೋಗಾಲಯವೇ 2013ರಲ್ಲಿ ವರದಿ ಮಾಡಿತು.