ಜಾಮೂನ್ ಪಾಕದಲ್ಲಿ ಕರಗಿದ ಸಕ್ಕರೆ ಬೆಳಿಗ್ಗೆ ಮತ್ತೆ ಹರಳಾಗಿದ್ದು ಹೇಗೆ?

ಹಾಸನದ_ಅಡುಗೆಮನೆ:
ನಿನ್ನೆ 1 ಕೆಜಿ ಸಕ್ಕರೆಗೆ 400 ಮಿಲಿ ನೀರು ಹಾಕಿ ಪಾಕ ಮಾಡಿದೆ. ಬಿಸಿ ಇದ್ದಾಗ ಒಂದು ಕಾಳೂ ಉಳಿಯದೆ ಕರಗಿತ್ತು, ಬೆಳಿಗ್ಗೆ ನೋಡಿದರೆ ತಳದಲ್ಲಿ ಗಟ್ಟಿ ಹರಳು! ಒಂಬತ್ತನೇ ಕ್ಲಾಸಿನ ಮಗಳು "ಕರಗಿದ್ದು ವಾಪಸ್ ಹೇಗೆ ಬಂತು" ಅಂತ ಹಿಡಿದುಕೊಂಡಿದ್ದಾಳೆ. ಅವಳೇ ಒಂದು ಲೋಟ ಬಿಸಿನೀರಿಗೆ ಉಪ್ಪು ಹಾಕುತ್ತಾ ಹೋದಳು, ಅದು ಬೇಗನೇ ತಳ ಸೇರಿತು, ಎಷ್ಟು ಕಲಕಿದರೂ ಕರಗಲಿಲ್ಲ. ಬಿಸಿನೀರಲ್ಲಿ ಜಾಸ್ತಿ ಕರಗಬೇಕಲ್ವಾ?

ರಸಾಯನ_ಮೇಷ್ಟ್ರು:
ಮಗಳು ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾಳೆ ಮೇಡಂ. ಮನೆಯೊಳಗಿನ ಸಾಮಾನ್ಯ ಬಿಸಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆ ಕರಗಿಸಿಕೊಳ್ಳುತ್ತದೆ, ಕುದಿಯುವಾಗ 480 ಗ್ರಾಂ ಆಸುಪಾಸು. ನಿಮ್ಮ 400 ಮಿಲಿ ನೀರು ಕುದಿಯುವಾಗ 1 ಕೆಜಿಯನ್ನು ಸಲೀಸಾಗಿ ಹಿಡಿದಿತ್ತು, ಆರಿದ ಮೇಲೆ ಅದಕ್ಕೆ ಹಿಡಿಯುವುದು 800 ಗ್ರಾಂ ಮಾತ್ರ, ಜೊತೆಗೆ ಆವಿಯಾಗಿ ನೀರೂ ಕಮ್ಮಿಯಾಗಿರುತ್ತದೆ, ಹಾಗಾಗಿ ಮಿಕ್ಕಿದ್ದು ಹರಳಾಗಿ ಕೂತಿತು. ಉಪ್ಪಿನ ಕಥೆ ಬೇರೆ. ತಣ್ಣೀರಲ್ಲಿ 36 ಗ್ರಾಂ, ಕುದಿನೀರಲ್ಲೂ 39 ಗ್ರಾಂ, ಅಷ್ಟೇ. ಅದಕ್ಕಿಂತ ಜಾಸ್ತಿ ಹಾಕಿದರೆ ತಳದಲ್ಲೇ ಉಳಿಯುತ್ತದೆ, ಹೀಗೆ ಇನ್ನು ಕರಗಿಸಿಕೊಳ್ಳಲಾಗದ ದ್ರಾವಣಕ್ಕೇ ಪರ್ಯಾಪ್ತ ದ್ರಾವಣ ಅನ್ನುವುದು. ಕಲಕಿದರೆ ಕರಗುವುದು ಬೇಗ ಆಗುತ್ತದೆ, ಜಾಸ್ತಿ ಆಗುವುದಿಲ್ಲ.

ಹಾಸನದ_ಅಡುಗೆಮನೆ:
ಅಯ್ಯೋ, 200 ಗ್ರಾಂ ಲೆಕ್ಕ ಕೇಳಿ ಮಗಳು ಕುಣಿದಳು ಸರ್. ಆದರೆ ಹಿಂದಿನ ಸಲ ಇದೇ ಅಳತೆಗೆ ಹೀಗಾಗಿರಲಿಲ್ಲ, ಆಗ ನಿಂಬೆರಸ ಹಿಂಡಿದ್ದೆ.

ಪಾಕಪ್ರಿಯ:
ಅಕ್ಕಾ, ಅದೇ ಕಾರಣ. ಹುಳಿ ಜೊತೆ ಕುದಿದಾಗ ಸಕ್ಕರೆ ಒಂದಷ್ಟು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಹರಳು ಕಟ್ಟಬೇಕಾದರೆ ಒಂದೇ ಥರದ ಅಣುಗಳು ಸಾಲಾಗಿ ಜೋಡಿಸಿಕೊಳ್ಳಬೇಕು, ಇವು ನಡುವೆ ನುಗ್ಗಿ ಅದಕ್ಕೆ ಬಿಡುವುದಿಲ್ಲ. ಇನ್ನೊಂದು ವಿಷಯ, ಪಾತ್ರೆಯ ಅಂಚಿಗೆ ಅಂಟಿದ ಸಕ್ಕರೆ ಕಾಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಒಂದು ಕಾಳು ಬಿದ್ದರೂ ಸಾಕು, ಅದಕ್ಕೆ ಅಂಟಿಕೊಂಡು ಹರಳು ಬೆಳೆಯುತ್ತಾ ಹೋಗುತ್ತದೆ. ಈಗ ಜಾಮೂನ್ ತೆಗೆದಿಟ್ಟು, ಪಾಕಕ್ಕೆ ಅರ್ಧ ಲೋಟ ನೀರು ಸೇರಿಸಿ ಬಿಸಿ ಮಾಡಿ, ಸರಿಹೋಗುತ್ತದೆ.

ರಸಾಯನ_ಮೇಷ್ಟ್ರು:
ಹರಳನ್ನು ಪೂರ್ತಿ ಕರಗಿಸುವ ಮೊದಲು ಒಂದು ಲೋಟ ಪಾಕ ಮಗಳಿಗೆ ಕೊಡಿ. ಅದರಲ್ಲಿ ದಾರ ಇಳಿಬಿಟ್ಟು, ಅಲ್ಲಾಡಿಸದೆ ಒಂದು ವಾರ ಇಡಲಿ. ಕಲ್ಲುಸಕ್ಕರೆ ಮಾಡುವುದೂ ಹೀಗೇ.